ಕೋಟೇಶ್ವರಮ್ಮನವರ ರೈಲಿನ ವಿಷಯವಾಗಿ

ದುವ್ವಾಡ, ವಿಶಾಖಪಟ್ಟಣ
4 ನವೆಂಬರ್ 2024

ಚಿರಂಜೀವಿ ಅಶ್ವತ್ಥನಿಗೆ ನಿನ್ನ ಭಾವ ಶೇಷಗಿರಿಯ ಆಶೀರ್ವಾದ.

ವಿಷಯ: ಇಬ್ರಾಹಿಂಪಟ್ನಂನಲ್ಲಿ ನಿನ್ನ ಕಣ್ಣಿಗೆ ಬಿದ್ದ ಕಿರುರೈಲಿನ ಕುರುಹು.

ನೀನು ಕಳುಹಿಸಿದ ಕಾಗದವೂ ಫೋಟೋಗಳೂ ನಿನ್ನೆ ಮಧ್ಯಾಹ್ನ ಕೈಸೇರಿದವು. ಸೇರಿದ ಕ್ಷಣದಿಂದ ಈ ಕ್ಷಣದವರೆಗೆ ನಾನು ಸ್ವಸ್ಥಚಿತ್ತನಾಗಿ ಕುಳಿತಿಲ್ಲವೆಂಬುದನ್ನು ಈ ಮೂಲಕ ತಿಳಿಯಪಡಿಸುತ್ತೇನೆ. ನಿನ್ನ ಅಕ್ಕ ಊಟಕ್ಕೆ ಕರೆದೂ ಕರೆದೂ ಸಾಕಾಗಿ, "ಆ ತುಕ್ಕುಗಬ್ಬಿಣನೇ ತಿನ್ರಿ" ಎಂದು ತಟ್ಟೆ ಎತ್ತಿಟ್ಟಳು. ಅವಳ ಮಾತಿನಲ್ಲಿ ಅತಿಶಯೋಕ್ತಿ ಇದ್ದರೂ ಸತ್ಯಾಂಶ ಇಲ್ಲದಿಲ್ಲ.

ಅಶ್ವತ್ಥ, ಉಕ್ಕಿನ ಕಾರ್ಖಾನೆಯ ಒಳಗಿನ ರೈಲುಗಳ ಸಂಚಾರವನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಿಯಂತ್ರಿಸಿದ ನನಗೆ ಹಳಿಯೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಿನ್ನ ನೆರೆಮನೆಯ ವೃದ್ಧೆ ಕೋಟೇಶ್ವರಮ್ಮನವರ ಹಿತ್ತಲಿನ ಕಲ್ಲುಕಟ್ಟೆ ದನ ಕಟ್ಟುವ ಕಟ್ಟೆಯಲ್ಲ. ಸರಕು ಏರಿಸುವ ಕಟ್ಟೆ. ಅವರ ಕೊಟ್ಟಿಗೆಯ ತೊಲೆಯಾಗಿರುವುದು ಹಳಿ. ಅಷ್ಟು ಸಣ್ಣ ಹಳಿ ಎರಡು ಅಡಿ ಅಗಲದ ಕಿರುಮಾರ್ಗದ್ದಲ್ಲದೆ ಬೇರೆಯದಾಗಲು ಸಾಧ್ಯವೇ ಇಲ್ಲ! ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಟ್ಟದ ಕಲ್ಲನ್ನು ಕೃಷ್ಣೆಯ ದಡಕ್ಕೆ ಸಾಗಿಸಲು ಯಾರೋ ಗುತ್ತಿಗೆದಾರ ಹಾಕಿಸಿದ್ದೆಂದೂ, ಎರಡು ವರ್ಷ ಓಡಿ ನಿಂತುಹೋಯಿತೆಂದೂ ನೀನು ಬರೆದಿರುವೆ. ಇದನ್ನು ಇಲ್ಲಿನ ನಮ್ಮ ಗೆಳೆಯ ಶಂಕರಪ್ಪನಿಗೆ ಹೇಳಿದರೆ, "ಎರಡು ವರ್ಷ ಓಡಿದ್ದನ್ನೂ ರೈಲು ಅಂತಾರೇನ್ರೀ? ನಮ್ಮ ಹೊಲದ ಪಂಪ್‌ಸೆಟ್ಟು ಅದಕ್ಕಿಂತ ಹೆಚ್ಚು ಓಡಿತ್ತು" ಎಂದು ಹಲ್ಲುಕಿರಿದ. ಅವನ ಬಾಯಿ ಮುಚ್ಚಿಸುವುದು ನನ್ನ ಕರ್ತವ್ಯವಾಗಿದೆ.

ಆದ್ದರಿಂದ ಉತ್ತರಿಸತಕ್ಕದ್ದು: ಅದರಲ್ಲಿ ಮನುಷ್ಯರು ಪ್ರಯಾಣಿಸುತ್ತಿದ್ದರೇ? ಕಂಡವರು ಬದುಕಿದ್ದಾರೆಯೆ? ಫೋನಿನಲ್ಲಿ ನಿನ್ನ ಮಾತು ನನ್ನ ಕಿವಿಗೆ ಜೀರುಂಡೆಯ ಸದ್ದಾಗಿ ಕೇಳುವುದರಿಂದ ಬರೆದೇ ತಿಳಿಸುವುದು. ಸುಲೋಚನಾಳಿಗೆ ನನ್ನ ಆಶೀರ್ವಾದ ಹೇಳು.

ಶೇಷಗಿರಿ


ಇಬ್ರಾಹಿಂಪಟ್ನಂ, ವಿಜಯವಾಡ
13 ನವೆಂಬರ್ 2024

ಪೂಜ್ಯ ಭಾವನವರಿಗೆ ಅಶ್ವತ್ಥನ ನಮಸ್ಕಾರಗಳು.

ನಿಮ್ಮ ಕಾಗದವನ್ನು ಸುಲೋಚನಾ ಮೊದಲು ಓದಿ, "ನಿಮ್ಮ ಭಾವನೋರು ಹರಿಹರದ ಕಚೇರಿ ಮುಂದೆ ಅರ್ಜಿ ನಕಲು ಮಾಡ್ತಿದ್ದಾಗ ಹಿಡಿದ ಪೆನ್ನು ಇನ್ನೂ ಕೆಳಗಿಟ್ಟೇ ಇಲ್ಲ ನೋಡ್ರಿ" ಎಂದಳು. ಬೇಸರಿಸಬೇಡಿ. ಅಕ್ಷರ ಮಾತ್ರ ಮುತ್ತಿನಂತಿದೆ ಎಂದೂ ಸೇರಿಸಿದಳು.

ಕಂಡವರು ಬದುಕಿದ್ದಾರೆಯೆ ಎಂದು ಕೇಳಿದಿರಿ. ಕೋಟೇಶ್ವರಮ್ಮನವರೇ ಕಂಡವರು, ಭಾವ! ಕಂಡವರಷ್ಟೇ ಅಲ್ಲ, ಆ ರೈಲಿನ ನೌಕರರು! ಅವರು ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ; ರುಚಿ ಅರ್ಧ ಕಡಿಮೆಯಾದರೆ ತಪ್ಪು ನನ್ನದು.

ಸಂತೆಯ ದಿನ ಕಲ್ಲಿನ ಗಾಡಿಗಳ ಹಿಂದೆ ಎರಡು ತೆರೆದ ಗಾಡಿ ಸೇರಿಸಿ, ಹಲಗೆ ಹಾಕಿ ಜನರನ್ನು ಕೂರಿಸುತ್ತಿದ್ದರಂತೆ. ಟಿಕೆಟ್ ಇರಲಿಲ್ಲ. ಇಳಿಯುವಾಗ ಗಾರ್ಡು ಪ್ರತಿ ಬುಟ್ಟಿಯಿಂದ ಒಂದು ಹಿಡಿ ಎತ್ತಿಕೊಳ್ಳುತ್ತಿದ್ದ: ಒಬ್ಬರದು ಬದನೆಕಾಯಿ, ಒಬ್ಬರದು ಹುಣಸೆಹಣ್ಣು. ಇವರ ಮನೆಯ ಹಿಂದೆ ದಾರಿ ಸ್ವಲ್ಪ ಏರು. ಮಂಜು ಬಿದ್ದ ಬೆಳಿಗ್ಗೆ ಹಳಿಯ ಮೇಲೆ ಚಕ್ರ ಜಾರಿ ಎಂಜಿನ್ನು ನಿಂತಲ್ಲೇ ಬುಸುಗುಡುತ್ತಿತ್ತು. ಆಗ ಏಳೆಂಟು ವರ್ಷದ ಕೋಟೇಶ್ವರಮ್ಮ ಎಂಜಿನ್ನಿನ ಮುಂದೆ ಮುಂದೆ ಓಡುತ್ತ, ಮಡಿಲಿನ ಮರಳನ್ನು ಹಳಿಯ ಮೇಲೆ ಚೆಲ್ಲಬೇಕಿತ್ತಂತೆ.

"ನಾನು ಮರಳು ಹಾಕದೆ ಅದು ಒಂದು ಮಾರು ಹತ್ತಿದ್ದಿಲ್ಲ ಬಾಬೂ! ಡ್ರೈವರು ಕೂಗ್ತಿದ್ದ, 'ಕೋಟೀ, ಬಾರಮ್ಮಾ' ಅಂತ. ಕಲೆಕ್ಟರು ಬಂದು ಕೂತ್ರೂ ನನ್ನನ್ನ ಕರೀಲೇಬೇಕು!" ಎಂದು ಎದ್ದುನಿಂತು, ಸೆರಗಿನ ಮಡಿಲು ಮಾಡಿ, ಹಿತ್ತಲಿನಲ್ಲಿ ಓಡಿ ತೋರಿಸಿಯೂ ಬಿಟ್ಟರು. ಮೊಮ್ಮಗ ತಿರುಮಲೇಶ್ ಮನೆಯ ಮುಂದಿನ ತನ್ನ ಜೆರಾಕ್ಸ್ ಅಂಗಡಿಯಿಂದ ಓಡಿ ಬಂದು ಹಿಡಿದುಕೊಳ್ಳದಿದ್ದರೆ ಬದನೆಪಾತಿಗೆ ಬೀಳುತ್ತಿದ್ದರು.

ಒಂದು ಸಂಗತಿ. ಅವರ ಹಿತ್ತಲಿನ ಕಡೆ ಹೊಸ ರಸ್ತೆ ಬರುವುದಂತೆ. ಅಳತೆಯವರು ಓಡಾಡುತ್ತಿದ್ದಾರೆ. ಆ ಕಲ್ಲುಕಟ್ಟೆ ಉಳಿಯುವುದೋ ಇಲ್ಲವೋ.

ನಿಮ್ಮ ಮೊಣಕಾಲು ಹೇಗಿದೆ? ಅಕ್ಕನಿಗೆ ನಮಸ್ಕಾರ.

ಅಶ್ವತ್ಥ


ದುವ್ವಾಡ
20 ನವೆಂಬರ್ 2024

ಚಿರಂಜೀವಿ ಅಶ್ವತ್ಥನಿಗೆ ಆಶೀರ್ವಾದ.

ಮರಳು! ಎಂತಹ ಸಾಕ್ಷ್ಯವನ್ನು ಒದಗಿಸಿದೆಯಪ್ಪ! ಚಕ್ರ ಜಾರಿದಾಗ ಮರಳು ಸುರಿಯುವ ಕ್ರಮ ದೊಡ್ಡ ಎಂಜಿನ್ನುಗಳಲ್ಲಿಯೂ ಉಂಟು. ಅದಕ್ಕೆ ಪೆಟ್ಟಿಗೆ, ಕೊಳವೆ ಎಲ್ಲ ಇರುತ್ತವೆ. ಈ ರೈಲಿಗೆ ಒಂದು ಹೆಣ್ಣುಮಗುವೇ ಆ ಪೆಟ್ಟಿಗೆಯಾಗಿತ್ತು. ಇದನ್ನು ಓದಿದ ಮೇಲೆ ಮನೆಯೊಳಗೆ ಅತ್ತಿಂದಿತ್ತ ನಡೆದಾಡಿದೆನೆಂದು ನಿನ್ನಕ್ಕ ನಿನಗೆ ದೂರು ಹೇಳಿದರೆ ಅದನ್ನು ಮಾನ್ಯ ಮಾಡತಕ್ಕದ್ದಲ್ಲ. ಮೊಣಕಾಲು ಚೆನ್ನಾಗಿಯೇ ಇದೆ.

ಶಂಕರಪ್ಪ ಮರಳಿನ ಸಂಗತಿ ಕೇಳಿ ಬಾಯಿ ಮುಚ್ಚಿದ. ಆದರೆ ರಸ್ತೆಯ ಸಂಗತಿ ಓದಿ ನಾನು ಕೈಕಟ್ಟಿ ಕೂರುವವನಲ್ಲ. ನೀನು ಕೇಳುವ ಮುನ್ನವೇ ಕಾರ್ಯ ನೆರವೇರಿದೆ! ನಿಮ್ಮಲ್ಲಿನ ಕಂದಾಯ ಕಚೇರಿಗೆ ಮೊನ್ನೆಯೇ ಒಂದು ವಿಜ್ಞಾಪನೆಯನ್ನು ರವಾನಿಸಿದ್ದೇನೆ. ಎದುರುಮನೆಯ ಸೂರ್ಯಪ್ರಕಾಶ ರಾವ್ ತೆಲುಗಿಗೆ ತಿರುಗಿಸಿಕೊಟ್ಟರು. ಅದರ ಮುಖ್ಯ ಭಾಗವನ್ನು ನಿನ್ನ ಅವಗಾಹನೆಗಾಗಿ ಕೊಡುತ್ತಿದ್ದೇನೆ:

"ಸದರಿ ಮಾರ್ಗವು ಶಾಶ್ವತವಾದ ರೈಲುಮಾರ್ಗವೇ ಆಗಿದ್ದು, ಅದು ಹಾದುಹೋಗಿದ್ದ ಸಮಸ್ತ ಭೂಮಿಯೂ, ಸದರಿ ಕಲ್ಲುಕಟ್ಟೆಯೂ ನಿರ್ವಿವಾದವಾಗಿ ಸರ್ಕಾರದ ಸ್ವತ್ತಾಗಿರುವುದರಿಂದ, ಅದಕ್ಕೆ ಯಾವ ಧಕ್ಕೆಯೂ ಬಾರದಂತೆ ರಕ್ಷಿಸಿ, ಫಲಕವೊಂದನ್ನು ಸ್ಥಾಪಿಸಬೇಕಾಗಿ ಅರ್ಜಿದಾರರ ಪ್ರಾರ್ಥನೆ."

ಸರ್ಕಾರದ ಸ್ವತ್ತು ಎಂದು ಒಮ್ಮೆ ಕಾಗದದಲ್ಲಿ ಬಂದರೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಇದು ಹರಿಹರದಲ್ಲಿ ನಾನು ಕಲಿತ ಮೊದಲ ಪಾಠ. ಒಬ್ಬನೇ ಬರೆದರೆ ತೂಕ ಸಾಲದೆಂದು ಸಹ-ಅರ್ಜಿದಾರನಾಗಿ ನಿನ್ನ ಹೆಸರನ್ನೂ ವಿಳಾಸವನ್ನೂ ಸೇರಿಸಿದ್ದೇನೆ. ಅಭಿನಂದನೆಗಳು!

ಶೇಷಗಿರಿ


ಇಬ್ರಾಹಿಂಪಟ್ನಂ
12 ಡಿಸೆಂಬರ್ 2024

ಪೂಜ್ಯ ಭಾವನವರಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲ ಕ್ಷೇಮ. ಕಚೇರಿಯವರು ನಿಮ್ಮ ಅರ್ಜಿಯನ್ನು ಓದಿದ್ದಾರೆ. ಬಂದು ಅಳತೆ ಮಾಡಿ, ಕಲ್ಲುಕಟ್ಟೆಗೂ ಅದಕ್ಕೆ ಅಂಟಿಕೊಂಡಿರುವ ಕೋಟೇಶ್ವರಮ್ಮನವರ ಮನೆಯ ಗೋಡೆಗೂ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗಿದ್ದಾರೆ.

ಕೋಟೇಶ್ವರಮ್ಮನವರ ಜೊತೆ ಈಚೆಗೆ ಹೆಚ್ಚು ಮಾತಾಗಿಲ್ಲ. ಚಳಿ ಹೆಚ್ಚು. ನೀವು ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಿ.

ಅಶ್ವತ್ಥ


ದುವ್ವಾಡ
18 ಡಿಸೆಂಬರ್ 2024

ಚಿರಂಜೀವಿ ಅಶ್ವತ್ಥನಿಗೆ ಅನೇಕಾನೇಕ ಆಶೀರ್ವಾದಗಳು.

ಕೆಂಪು ಗುರುತು! ಇಷ್ಟು ಮಹತ್ತರವಾದ ವಾರ್ತೆಯನ್ನು ಇಷ್ಟು ಒಣಗಿದ ನಾಲ್ಕು ಸಾಲಿನಲ್ಲಿ ಬರೆಯಲು ನಿನಗೆ ಹೇಗೆ ಮನಸ್ಸಾಯಿತು? ಅರ್ಜಿ ತಲುಪಿ ತಿಂಗಳಾಗುವುದರೊಳಗೆ ಬಂದು, ಅಳೆದು, ರಕ್ಷಿತ ಸ್ಥಳವೆಂದು ಗುರುತು ಹಾಕಿದ್ದಾರೆ. ಹಳೆಯ ಕಟ್ಟೆಯ ಜೊತೆಗೆ ಆ ತಾಯಿಯ ಮನೆಯ ಗೋಡೆಯನ್ನೂ ಸೇರಿಸಿಕೊಂಡಿರುವುದು ಅಧಿಕಾರಿಗಳ ಸೂಕ್ಷ್ಮಪ್ರಜ್ಞೆಗೆ ಸಾಕ್ಷಿ. ರೈಲಿನ ನೌಕರರು ವಾಸಿಸುವ ಮನೆಯೂ ಚರಿತ್ರೆಯ ಭಾಗವಲ್ಲವೆ?

ಇನ್ನು ಫಲಕದ ಸಮಾರಂಭ. ರಿಬ್ಬನ್ ಕತ್ತರಿಸುವವರು ಕೋಟೇಶ್ವರಮ್ಮನವರೇ ಆಗಿರತಕ್ಕದ್ದು. ಯಾವ ಗಣ್ಯರಿಗೂ ಆ ಕತ್ತರಿಯನ್ನು ಕೊಡಕೂಡದು. ಭಾಷಣವನ್ನು ಬರೆಯಲಾರಂಭಿಸಿದ್ದೇನೆ. "ಚಿಕ್ಕದಾದರೂ ಶಾಶ್ವತ" ಎಂಬ ವಾಕ್ಯ ಬಂದಾಗ ನನಗೇ ರೋಮಾಂಚನವಾಯಿತು.

ಅಕ್ಷರ ಓರೆಯಾಗಿದ್ದರೆ ಮನ್ನಿಸು. ಮಲಗಿ ಬರೆಯುತ್ತಿದ್ದೇನೆ, ಸೊಂಟ ಸ್ವಲ್ಪ ಹಿಡಿದಿದೆ, ಅಷ್ಟೆ.

ಶೇಷಗಿರಿ


ಇಬ್ರಾಹಿಂಪಟ್ನಂ
27 ಡಿಸೆಂಬರ್ 2024

ಭಾವನವರಿಗೆ,

ಸೊಂಟ ಹಿಡಿದಿಲ್ಲ. ಹತ್ತನೆಯ ತಾರೀಖು ನಿಮ್ಮ ಮೊಣಕಾಲಿಗೆ ಆಪರೇಷನ್ ಆಗಿದೆ. ಅಕ್ಕ ಫೋನಿನಲ್ಲಿ ಹೇಳಿದಳು, "ಅವರಿಗೆ ಈಗ ಏನೂ ತಲೆಬಿಸಿ ಕೊಡ್ಬೇಡ ಕಣೋ" ಎಂದೂ ಹೇಳಿದಳು. ಆದ್ದರಿಂದ ನಾನು ನಾಲ್ಕು ಒಣಗಿದ ಸಾಲು ಬರೆದೆ. ನೀವು ರಿಬ್ಬನ್ ಕತ್ತರಿಸಲು ಹೊರಟ ಮೇಲೆ ಇನ್ನು ಸುಮ್ಮನಿರಲಾರೆ.

ಅದು ಒಡೆಯುವ ಗುರುತು, ಭಾವ.

ಕಲ್ಲುಕಟ್ಟೆಯನ್ನೂ ಒಡೆಯುತ್ತಾರೆ, ಕೋಟೇಶ್ವರಮ್ಮನವರ ಮನೆಯ ಹಿಂದಿನ ಅರ್ಧವನ್ನೂ ಒಡೆಯುತ್ತಾರೆ. ಅದು ಅವರ ತಂದೆಯ ಹೊಲದಲ್ಲಿ ಕಟ್ಟಿದ ಮನೆ. ಖಾಸಗಿ ಜಮೀನೆಂದು ರಸ್ತೆಯವರು ಇಷ್ಟು ದಿನ ಆ ಮನೆಯನ್ನು ಬಿಟ್ಟು ಪಕ್ಕದಿಂದ ತಿರುಗಿಸಿ ಗೆರೆ ಎಳೆದಿದ್ದರು. ಅಷ್ಟರಲ್ಲಿ ನಮ್ಮ ಅರ್ಜಿ ಹೋಯಿತು. ರೈಲು ಹೋದ ನೆಲವೆಲ್ಲ ನಿರ್ವಿವಾದವಾಗಿ ಸರ್ಕಾರದ್ದು ಎಂದು ನಾವೇ ಬರೆದುಕೊಟ್ಟೆವು. ಸರ್ಕಾರದ ನೆಲವಾದರೆ ತಿರುಗಿಸುವುದೇಕೆ? ಗೆರೆಯನ್ನು ನೇರ ಮಾಡಿದರು. ನೋಟೀಸಿನಲ್ಲಿ "ಅರ್ಜಿದಾರರು ಒದಗಿಸಿದ ಮಾಹಿತಿಯ ಮೇರೆಗೆ" ಎಂದಿದೆ. ನನ್ನ ಹೆಸರಿದೆ.

ತಿರುಮಲೇಶ್ ಅದನ್ನು ತಂದು ನನ್ನ ಕೈಗೆ ಕೊಟ್ಟು ಅಂಗಡಿಗೆ ಹಿಂದಿರುಗಿದ. ಕೋಟೇಶ್ವರಮ್ಮ ಸುಮ್ಮನಿರುವವರಲ್ಲ. ಬೇಲಿಯಾಚೆ ನಿಂತು ಇಡೀ ಬೀದಿಗೆ ಕೇಳುವಂತೆ, "ನನ್ನ ಕಾಫಿ ಕುಡಿದು ನನ್ನ ಗೋಡೆಗೇ ಬಣ್ಣ ಬಳಿಸಿದೆಯಾ ಬಾಬೂ? ನಿನಗೆ ಮರಳು ಹಾಕಿ ತೋರಿಸಿದೆನಲ್ಲ, ನನ್ನ ಬುದ್ಧಿಗೆ ಮಣ್ಣು ಹಾಕಬೇಕು" ಎಂದರು. ಅಂದಿನಿಂದ ನಾನು ಸೊಪ್ಪಿನ ಅಂಗಡಿಗೆ ಸುತ್ತುಬಳಸಿ ಹೋಗುತ್ತಿದ್ದೇನೆ. ಸುಲೋಚನಾ ಮಾತ್ರ ದಿನಾ ಸಂಜೆ ಅವರ ಬಾಗಿಲಿಗೆ ಹೋಗಿ ಸುಮ್ಮನೆ ಕೂತು ಬರುತ್ತಾಳೆ. "ನೀವಿಬ್ರೂ ಗಂಡಸ್ರು ಇನ್ನೇನೂ ಬರೀದಿದ್ರೆ ಆ ಮನೆ ಉಳೀಬಹುದು" ಎನ್ನುತ್ತಾಳೆ.

ಆಕ್ಷೇಪಣೆಯ ವಿಚಾರಣೆ ಜನವರಿ ಇಪ್ಪತ್ತಕ್ಕೆ. ಏನು ಮಾಡೋಣ?

ಅಶ್ವತ್ಥ


ದುವ್ವಾಡ
31 ಡಿಸೆಂಬರ್ 2024

ಅಶ್ವತ್ಥ,

ನಿನ್ನ ಕಾಗದ ನಿನ್ನೆ ಓದಿದೆ. ನಿನ್ನ ಅಕ್ಕ ಪಾರ್ವತಿ ಮೂರು ದಿನದಿಂದ ನನ್ನೊಡನೆ ಬಿಗುವಾಗಿದ್ದ ಕಾರಣವೂ ಈಗ ಗೊತ್ತಾಯಿತು; ನೀನು ಫೋನಿನಲ್ಲಿ ಅವಳಿಗೆ ಹೇಳಿರಬೇಕು. ನೊಂದುಕೊಳ್ಳುವುದಕ್ಕೆ ವೇಳೆಯಿಲ್ಲ, ಇಪ್ಪತ್ತು ಕಳೆದ ಮೇಲೆ ನೊಂದುಕೊಳ್ಳುತ್ತೇನೆ. ಈಗ ಕೆಲಸ.

ನೀನು ಕಳುಹಿಸಿದ್ದ ಫೋಟೋಗಳಲ್ಲಿ ತಿರುಚಿದ ಕಬ್ಬಿಣದ ಪಟ್ಟಿಯೊಂದಿದೆ, ಎರಡು ತುದಿಯೂ ಕೆಳಕ್ಕೆ ಬಾಗಿರುವುದು. ಅದು ಹಳಿಯ ಅಡಿಗೆ ಅಡ್ಡವಾಗಿ ಇಡುವ ಕಬ್ಬಿಣದ ಸ್ಲೀಪರ್. ಅಂತಹ ದಾರಿಯಲ್ಲಿ ಹಳಿಯನ್ನೂ ಸ್ಲೀಪರನ್ನೂ ಮೊದಲೇ ಏಣಿಯಂತೆ ಜೋಡಿಸಿ ತಂದು, ಜಲ್ಲಿಯನ್ನೂ ಹಾಕದೆ ಬರಿನೆಲದ ಮೇಲೆ ಇಟ್ಟುಬಿಡುತ್ತಾರೆ. ಬೇಡವಾದಾಗ ನಾಲ್ಕು ಆಳು ಎತ್ತಿ ಪಕ್ಕಕ್ಕಿಡುತ್ತಾರೆ. ಅದನ್ನು ನೋಡಿದೊಡನೆಯೇ ನನಗೆ ಇದೆಲ್ಲ ತಿಳಿದಿತ್ತು. ಆದರೂ "ಶಾಶ್ವತ" ಎಂದು ಬರೆದೆ. ಏಕೆಂದರೆ ಎತ್ತಿ ಇಡುವ ರೈಲಿಗೆ ಯಾರು ಫಲಕ ಹಾಕಿಸುತ್ತಾರೆ?

ಎತ್ತಿ ಇಡುವ ದಾರಿಗೆ ಯಾರೂ ಭೂಸ್ವಾಧೀನ ಮಾಡುವುದಿಲ್ಲ. ಸ್ವಾಧೀನವಾಗಿದ್ದರೆ ಎರಡೂ ಬದಿಗೆ ಗಡಿಕಲ್ಲು ನೆಟ್ಟಿರಬೇಕು. ರೈಲಿನವರು ಹಳಿಯನ್ನು ಕಿತ್ತರೂ ಗಡಿಕಲ್ಲನ್ನು ಕೀಳುವುದಿಲ್ಲ. ಆದ್ದರಿಂದ ನೀನೂ ತಿರುಮಲೇಶನೂ ಬೆಟ್ಟದ ಬುಡದಿಂದ ನದಿಯವರೆಗೆ ನಡೆದು ಹುಡುಕತಕ್ಕದ್ದು. ಒಂದೂ ಸಿಗದಿದ್ದರೆ ಇದರೊಡನೆ ಇಟ್ಟಿರುವ ಹೇಳಿಕೆಯನ್ನು ವಿಚಾರಣೆಯಲ್ಲಿ ಓದು. ಅದರಲ್ಲಿ ಹೀಗಿದೆ:

"ನನ್ನ ಹಿಂದಿನ ಅರ್ಜಿ ತಪ್ಪು. ಅದು ರೈಲುಮಾರ್ಗವಲ್ಲ. ಕಲ್ಲು ಸಾಗಿಸಲು ಬರಿನೆಲದ ಮೇಲೆ ಇಟ್ಟಿದ್ದ ಟ್ರಾಲಿಯ ದಾರಿ. ಆ ನೆಲ ಸರ್ಕಾರದ್ದೆಂದು ಹೇಳಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ, ಈಗಲೂ ಇಲ್ಲ."

"ಟ್ರಾಲಿ" ಎಂಬ ಪದ ಬರೆಯಲು ಒಂದಿಡೀ ಬೆಳಗು ಹಿಡಿಯಿತು. ಶಂಕರಪ್ಪನಿಗೆ ನಾನೇ ಓದಿ ತೋರಿಸಿದೆ. ಅವನು ನಗಲಿಲ್ಲ.

ಶೇಷಗಿರಿ


ಇಬ್ರಾಹಿಂಪಟ್ನಂ
21 ಜನವರಿ 2025

ಪೂಜ್ಯ ಭಾವನವರಿಗೆ ಅಶ್ವತ್ಥನ ಸಾಷ್ಟಾಂಗ ನಮಸ್ಕಾರಗಳು!

ಮನೆ ಉಳಿಯಿತು! ಮೊದಲು ಇಷ್ಟನ್ನು ಅಕ್ಕನಿಗೆ ಕೂಗಿ ಹೇಳಿ, ಆಮೇಲೆ ಮುಂದೆ ಓದಿ.

ಗಡಿಕಲ್ಲು ಹುಡುಕುತ್ತ ನಾನೂ ತಿರುಮಲೇಶನೂ ಇಡೀ ದಾರಿ ನಡೆದೆವು. ಅವನು ಮೊದಲ ಅರ್ಧ ದಾರಿ ಮಾತೇ ಆಡಲಿಲ್ಲ. ನಾನು ಕಾಲುವೆಗೆ ಜಾರಿ ಬಿದ್ದ ಮೇಲೆ ನಕ್ಕ, ಅಲ್ಲಿಂದ ಸರಿಹೋಯಿತು. ಒಂದು ಕಲ್ಲೂ ಸಿಗಲಿಲ್ಲ. ನಿನ್ನೆ ಕಚೇರಿಗೆ ಎಲ್ಲರೂ ಹೋದೆವು. ಕೋಟೇಶ್ವರಮ್ಮ ನನ್ನತ್ತ ನೋಡದೆ, ಸುಲೋಚನಾಳ ಕೈ ಹಿಡಿದು ಕೂತರು. ಅಧಿಕಾರಿಣಿ ಎಳೆಯ ವಯಸ್ಸಿನವರು, ಬಿಗುಮುಖದವರು. ನಾನು ನಿಮ್ಮ ಹೇಳಿಕೆಯನ್ನು ತೆಲುಗಿನಲ್ಲಿ ಓದತೊಡಗಿದೆ. "ಅದು ರೈಲುಮಾರ್ಗವಲ್ಲ, ಕಲ್ಲು ಸಾಗಿಸುವ ಟ್ರಾಲಿಯ ದಾರಿ" ಎಂಬಲ್ಲಿಗೆ ಬಂದೆನೋ ಇಲ್ಲವೋ, ಹಿಂದಿನಿಂದ ಒಂದು ಕೂಗು!

"ಯಾರು ಹೇಳಿದ್ದು ಟ್ರಾಲಿ ಅಂತ? ರೈಲು ಬಾಬೂ ಅದು, ರೈಲು!"

ಕೋಟೇಶ್ವರಮ್ಮ ಎದ್ದು ನಿಂತಿದ್ದರು. ತಿರುಮಲೇಶ್ ಸೆರಗು ಹಿಡಿದೆಳೆದು, "ಅಜ್ಜೀ, ಕೂತ್ಕೋ, ನಮ್ಮ ಪರವಾಗೇ ಓದ್ತಿದ್ದಾರೆ" ಎಂದರೆ, "ನನ್ನ ರೈಲನ್ನ ಬೈದು ನನ್ನ ಪರ ಮಾತಾಡೋದು ಎಂಥದು?" ಎಂದು ಅವನ ಕೈ ಕೊಡವಿದರು. ನೋಡಿ ಭಾವ, ಇಷ್ಟು ಕಷ್ಟಪಟ್ಟು ನೀವು ಚಿಕ್ಕದು ಮಾಡಿದ ರೈಲನ್ನು ಅವರೇ ಮತ್ತೆ ದೊಡ್ಡದು ಮಾಡುತ್ತಿದ್ದಾರೆ!

ಅಧಿಕಾರಿಣಿ, "ಅಜ್ಜೀ, ಅದು ರೈಲು ಅಂತಾದ್ರೆ ನೆಲ ರೈಲಿನೋರದ್ದಾಗುತ್ತೆ. ನಿಮ್ಮ ಮನೆ ಹೋಗುತ್ತೆ" ಎಂದರು.

"ಹೇಗೆ ಹೋಗುತ್ತೆ? ರೈಲೂ ರೈಲೇ, ನೆಲಾನೂ ನಮ್ಮಪ್ಪಂದೇ! ಉಳೋ ಕಾಲ ಬಂದಾಗ ನಮ್ಮಪ್ಪ ಆಳು ಕರ್ಕೊಂಡು ಹೋಗಿ ಹಳಿನೆಲ್ಲ ಎತ್ತಿ ಬದುವಿನ ಮೇಲೆ ಇಡಿಸ್ತಿದ್ದ. ಡ್ರೈವರು ಬಂದು ತಲೆ ಕೆರ್ಕೊಂಡು ನಿಲ್ತಿದ್ದ, 'ಅಯ್ಯಾ, ಯಾವಾಗ ಬಿಡ್ತೀರಿ' ಅಂತ. ಕೊಯ್ಲಾದ ಮೇಲೆ ಬಾ ಅಂದ್ರೆ ಕೊಯ್ಲಾದ ಮೇಲೇ ಬರಬೇಕು! ನಮ್ಮಪ್ಪನ್ನ ಕೇಳದೆ ಆ ರೈಲು ಒಂದು ಸಲ ಕೂಗಿದ್ದೂ ಇಲ್ಲ!"

ಅಧಿಕಾರಿಣಿ ಪೆನ್ನು ತೆರೆದರು. "ಅಜ್ಜೀ, ಇದನ್ನ ಇನ್ನೊಂದು ಸಲ ಹೇಳ್ತೀರಾ? ನಿಧಾನವಾಗಿ." ಕೋಟೇಶ್ವರಮ್ಮ ನಿಧಾನವಾಗಿ ಹೇಳಲಿಲ್ಲ, ಇನ್ನೂ ಜೋರಾಗಿ ಹೇಳಿದರು. ಪ್ರತಿ ಸಲ ಮಾಲೀಕನ ಅನುಮತಿ ಪಡೆದು ಹಳಿ ಹಾಕಿದ್ದಾಗಿ ಅಧಿಕಾರಿಣಿ ಬರೆದುಕೊಂಡರು. ನಿಮ್ಮ ಹೇಳಿಕೆಯನ್ನೂ, ಗಡಿಕಲ್ಲಿನ ಮಾತನ್ನೂ ಅದರ ಕೆಳಗೆ ಸೇರಿಸಿದರು. ಸಂಜೆಯೊಳಗೆ ಹೇಳಿದರು: ನೆಲ ಖಾಸಗಿಯದು, ರಸ್ತೆ ಮೊದಲಿನ ಗೆರೆಯಲ್ಲೇ ಪಕ್ಕದಿಂದ ಹೋಗುವುದು. ಕಟ್ಟೆಯೂ ಅವರ ಹಿತ್ತಲಿನಲ್ಲಿರುವುದರಿಂದ ಅದನ್ನೂ ಯಾರೂ ಮುಟ್ಟುವುದಿಲ್ಲ.

ಹೊರಗೆ ಬಂದಾಗ ನಾನು ಕೈಮುಗಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆ ಟ್ರಾಲಿ ಅಂತ ಬರೆದೋನು ನೀನಾ?" ಎಂದರು. "ನಮ್ಮ ಭಾವ, ವಿಶಾಖಪಟ್ಟಣದಲ್ಲಿದ್ದಾರೆ" ಎಂದೆ. ನನ್ನ ತಲೆ ಉಳಿಸಿಕೊಳ್ಳಲು ನಿಮ್ಮದನ್ನು ಕೊಟ್ಟೆ, ಕ್ಷಮಿಸಿ. ಅದಕ್ಕೆ ಅವರು ಹೇಳಿದ್ದು: "ಮೊದಲು ರೈಲು ಅಂದು ಮನೆ ಕಿತ್ಕೊಳ್ಳೋಕೆ ಹೋದ, ಆಮೇಲೆ ಮನೆ ಕೊಡ್ಸೋಕೆ ಅಂತ ರೈಲೇ ಕಿತ್ಕೊಂಡ. ಒಂದು ಸಲಾನಾದ್ರೂ ಬಂದು ನನ್ನನ್ನ ಕೇಳಿದ್ನಾ? ಬರಹೇಳು ಅವನಿಗೆ!"

ಸುಲೋಚನಾ ದಾರಿಯುದ್ದಕ್ಕೂ ನಕ್ಕಳು.

ಅಶ್ವತ್ಥ


ದುವ್ವಾಡ
26 ಜನವರಿ 2025

(ಅಶ್ವತ್ಥ, ಇದನ್ನು ಅವರೆದುರು ನಿಂತು ತೆಲುಗಿನಲ್ಲಿ ಓದತಕ್ಕದ್ದು. ಒಂದು ಪದವನ್ನೂ ಸುಲಭ ಮಾಡಕೂಡದು.)

ಇಬ್ರಾಹಿಂಪಟ್ನಂನ ಕಿರುರೈಲಿನ ನೌಕರರಾದ ಮಹಾರಾಜಶ್ರೀ ಕೋಟೇಶ್ವರಮ್ಮನವರ ದಿವ್ಯ ಸನ್ನಿಧಾನಕ್ಕೆ,

ಹರಿಹರದಲ್ಲಿ ಹುಟ್ಟಿ, ಹಾಲಿ ದುವ್ವಾಡದಲ್ಲಿ ವಾಸವಾಗಿರುವ ಶೇಷಗಿರಿ ಎಂಬ ಅರ್ಜಿದಾರನು ಭಯಭಕ್ತಿಪೂರ್ವಕವಾಗಿ ವಿಜ್ಞಾಪಿಸಿಕೊಳ್ಳುವುದು.

ಈ ಅರ್ಜಿದಾರನು ತಮ್ಮ ವಿಷಯವಾಗಿ ಎರಡು ಕಾಗದಗಳನ್ನು ಬರೆದಿರುತ್ತಾನೆ. ಮೊದಲನೆಯದರಿಂದ ತಮ್ಮ ಮನೆ ಹೋಗುವುದರಲ್ಲಿತ್ತು. ಎರಡನೆಯದರಿಂದ ತಮ್ಮ ರೈಲು ಹೋಗುವುದರಲ್ಲಿತ್ತು. ಎರಡನ್ನೂ ತಾವೇ ಉಳಿಸಿಕೊಂಡಿರಿ. ಕಚೇರಿಗಳಿಗೆ ಜೀವಮಾನವಿಡೀ ಬರೆದ ನನಗೆ, ನೆಲ ಯಾರದೆಂದು ನೆಲದವರನ್ನು ಕೇಳಬೇಕೆಂದು ಒಮ್ಮೆಯೂ ಹೊಳೆಯಲಿಲ್ಲ.

ನಿನ್ನೆ ಕೋಲಿಲ್ಲದೆ ಬಾಗಿಲಿನವರೆಗೆ ನಡೆದೆ. ಡಾಕ್ಟರು ಪ್ರಯಾಣಕ್ಕೆ ಒಪ್ಪಿದ್ದಾರೆ. ಪಾರ್ವತಿ ಒಪ್ಪಿಲ್ಲ, ಆದರೆ ತನ್ನ ಸೀರೆಗಳನ್ನೂ ಜೋಡಿಸಿಟ್ಟುಕೊಳ್ಳುತ್ತಿದ್ದಾಳೆ. ಬರುವ ಶನಿವಾರ ದುವ್ವಾಡದಲ್ಲಿ ರೈಲು ಹತ್ತುತ್ತೇವೆ. ಶಂಕರಪ್ಪನೂ ಬರುವೆನೆಂದು ಹಟ ಹಿಡಿದಿದ್ದಾನೆ.

ಆದಕಾರಣ ಪ್ರಾರ್ಥನೆ ಏನೆಂದರೆ: ತಾವು ತಮ್ಮ ಹಿತ್ತಲಿನಲ್ಲಿ ಕುಳಿತು ಹೇಳಬೇಕು, ನಾನು ಬರೆದುಕೊಳ್ಳಲು ಅಪ್ಪಣೆಯಾಗಬೇಕು. ಇದು ಯಾವ ಕಚೇರಿಗೂ ಹೋಗುವ ಕಾಗದವಲ್ಲ. ತಾವು ಹೇಳದ ಒಂದು ಮಾತನ್ನೂ ನಾನು ಸೇರಿಸುವುದಿಲ್ಲ. ಸೇರಿಸಿದರೆ ಅಶ್ವತ್ಥನ ಹೆಂಡತಿ ಸುಲೋಚನಾ ನನ್ನ ಪೆನ್ನನ್ನು ಕಿತ್ತುಕೊಳ್ಳತಕ್ಕದ್ದೆಂದು ಈ ಮೂಲಕ ಅಧಿಕಾರ ನೀಡಿದ್ದೇನೆ.

ಎಂಜಿನ್ನಿನ ಬಣ್ಣ ಯಾವುದಿತ್ತು ಎಂಬಲ್ಲಿಂದ ಆರಂಭಿಸಬಹುದೆ, ತಾಯೀ?